ಮಿಡತೆಯನ್ನು ಮಣಿಸುವ ಶಿಲೀಂಧ್ರ

ಮರುಭೂಮಿ ಮಿಡತೆಯ ತೂಕ ಸುಮಾರು 2 ಗ್ರಾಂ. ಆದರೆ ಅದು ದಿನವೊಂದಕ್ಕೆ ತನ್ನ ತೂಕದಷ್ಟೇ ಹಸಿರನ್ನು ತಿನ್ನಬಲ್ಲದು. ಇಂತಹ ಕೋಟ್ಯಂತರ ಮಿಡತೆಗಳ ದಂಡು ಎರಗಿದ ಹೊಲದಲ್ಲಿ ರೈತನ ಪಾಲಿಗೆ ಉಳಿಯುವುದು ಬರಿಯ ಕಡ್ಡಿ. 1986ರಿಂದ 1989ರವರೆಗೆ ಆಫ್ರಿಕಾ ಖಂಡದಲ್ಲಿ ಈ ಪಿಡುಗು ಹಬ್ಬಿದಾಗ ವಿಶಾಲ ಪ್ರದೇಶಗಳ ಮೇಲೆ ರಾಸಾಯನಿಕ ವಿಷವನ್ನು ಸಿಂಪಡಿಸಬೇಕಾಯಿತು. ಅಂತಹ ವಿಷಕ್ಕೆ ಮಿಡತೆ ಯಾವುದು, ಜೇನ್ನೊಣ ಯಾವುದು ಎಂಬ ಭೇದವಿಲ್ಲ. ಆದುದರಿಂದ 1989ರಲ್ಲಿ ಆರಂಭವಾದ ‘ಲುಬಿಲೋಸಾ’ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಯೋಜನೆಯು ಬೇರೊಂದು ಮಾರ್ಗವನ್ನು ಅರಸಿತು. ನೈಜರ್ ದೇಶದ ಮಿಡತೆಯೊಂದರಿಂದ ದೊರೆತ, ಮೆಟಾರೈಜಿಯಂ ಅಕ್ರಿಡಮ್ ಎಂಬ ಶಿಲೀಂಧ್ರದ ತಳಿಯೇ ಅದರ ಆಯುಧವಾಯಿತು.

ಕೀಟಗಳಿಗೆ ರೋಗ ತರುವ ಬ್ಯಾಕ್ಟೀರಿಯಾ, ವೈರಸ್‌ಗಳು ಬಹುಮಟ್ಟಿಗೆ ಆಹಾರದೊಡನೆ ಹೊಟ್ಟೆ ಸೇರಬೇಕು. ಈ ಶಿಲೀಂಧ್ರಕ್ಕೆ ಆ ಹಂಗಿಲ್ಲ. ಮೈಗೆ ತಾಗಿದರೆ ಸಾಕು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಅದರ ಬೀಜಾಣು ಮಿಡತೆಯ ಹೊರಕವಚಕ್ಕೆ ಅಂಟಿಕೊಂಡು ಮೊಳೆಯುತ್ತದೆ. ಮೊಳಕೆಯ ತುದಿಯು ಉಬ್ಬಿ, ಕವಚವನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಅಲ್ಲಿಂದ ಸ್ರವಿಸುವ ಕಿಣ್ವಗಳು ಕವಚದ ಪ್ರೋಟೀನು ಹಾಗೂ ಕೈಟಿನ್‌ಗಳನ್ನು ಕರಗಿಸುತ್ತವೆ. ಜೊತೆಗೆ ಒತ್ತಡವನ್ನೂ ಹೇರಿ ಎಳೆಯೊಂದು ಒಳನುಗ್ಗುತ್ತದೆ. ಬಳಿಕ ಮಿಡತೆಯ ರಕ್ತದ್ರವದಲ್ಲಿಯೇ ಬೆಳೆದು, ಅದರ ಪೋಷಕಾಂಶಗಳನ್ನು ಹೀರಿ, ಒಂದರಿಂದ ಮೂರು ವಾರಗಳೊಳಗಾಗಿ ಅದನ್ನು ಕೊಲ್ಲುತ್ತದೆ. ವಾತಾವರಣದಲ್ಲಿ ತೇವವಿದ್ದರೆ ಸತ್ತ ದೇಹದ ಮೇಲೆ ಹಸಿರು ಬೂಷ್ಟು ಮೂಡಿ ಹೊಸ ಬೀಜಾಣುಗಳು ಸಿದ್ಧವಾಗುತ್ತವೆ.

ಬೀಜಾಣು ಮೊಳೆಯಲು ತೇವ ಬೇಕು. ಮಿಡತೆಯ ನಾಡೋ ಒಣ ನಾಡು. ಬೀಜಾಣುಗಳನ್ನು ನೀರಿಗೆ ಬದಲಾಗಿ ಎಣ್ಣೆಯಲ್ಲಿ ಬೆರೆಸಿ ಸಿಂಪಡಿಸುವ ಮೂಲಕ ವಿಜ್ಞಾನಿಗಳು ಈ ತೊಡಕನ್ನು ಬಿಡಿಸಿದರು. ಎಣ್ಣೆಯು ಮೇಣದಂತಹ ಕವಚದ ಮೇಲೆ ಚೆನ್ನಾಗಿ ಹರಡಿ, ಒಣಹವೆಯಲ್ಲಿಯೂ ಬೀಜಾಣು ಮೊಳೆಯಲು ನೆರವಾಗುತ್ತದೆ.

ಮಿಡತೆಯೂ ಸುಮ್ಮನೆ ಸೋಲೊಪ್ಪುವ ಜೀವಿಯಲ್ಲ. ರೋಗ ತಗುಲಿದೊಡನೆ ಅದು ಬಿಸಿಲಿಗೆ ಮೈಯೊಡ್ಡಿ, ದೇಹದ ಉಷ್ಣತೆಯನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿಕೊಳ್ಳುತ್ತದೆ. ತಾನೇ ತಂದುಕೊಂಡ ಈ ಜ್ವರದಿಂದ ಶಿಲೀಂಧ್ರದ ಬೆಳವಣಿಗೆ ಕುಂಠಿತವಾಗುತ್ತದೆ. ಮೈ ತಣಿದಾಗ ಮತ್ತೆ ಚಿಗುರುತ್ತದೆ. ಹೀಗಾಗಿ ಸಾವು ತಡವಾಗುತ್ತದೆ.

ಪೈರಿನ ಮೇಲೆ ಈಗಾಗಲೇ ಎರಗಿದ ದಂಡನ್ನು ತಡೆಯಲು ಇಂತಹ ನಿಧಾನಗತಿಯ ಮದ್ದು ಸಾಲದು. ರೆಕ್ಕೆ ಮೂಡದ ಮರಿಗಳು ನೆಲದಲ್ಲಿ ಗುಂಪುಗೂಡಿರುವಾಗಲೇ ಇದರ ಪ್ರಯೋಗವಾಗಬೇಕು. 2020ರಲ್ಲಿ ಸೊಮಾಲಿಯಾ ದೇಶವು ಮಿಡತೆಗಳ ವಿರುದ್ಧ ಈ ಶಿಲೀಂಧ್ರವನ್ನು ಬಳಸಿತು. ಮಿಡತೆಯ ಕುಲವನ್ನೇ ಗುರಿಯಾಗಿಸುವ ಈ ಮದ್ದು ಸುತ್ತಲಿನ ಜೀವರಾಶಿಯನ್ನು ಉಳಿಸುತ್ತದೆ. ಆದರೆ ಅದರ ಫಲ ದೊರೆಯುವುದು, ಹಾವಳಿ ಏಳುವ ಮುನ್ನವೇ ಎಚ್ಚೆತ್ತವರಿಗೆ ಮಾತ್ರ.