ಮುಷ್ಟಿಯಷ್ಟು ಸಂದು, ಒಂಬತ್ತು ಸಾವಿರ ಕಾರು

ಚೀನಾದ ಕಾರು ಸಾಗಣೆ ಹಡಗು ಬಿವೈಡಿ ಶೆನ್‌ಝೆನ್‌ನೊಳಗೆ ಹದಿನಾರು ಅಂತಸ್ತುಗಳಿವೆ. ಉದ್ದ 219.9 ಮೀಟರ್, ಅಗಲ 37.7 ಮೀಟರ್. ಕಾಗದದ ಲೆಕ್ಕದಲ್ಲಿ ಅದು ಹೊರುವುದು 9,200 ಕಾರು. ಅಷ್ಟನ್ನೂ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ರಸ್ತೆಯಲ್ಲಿ ನಿಲ್ಲಿಸಿದರೆ ಸಾಲು ಸುಮಾರು 38 ಕಿ.ಮೀ. ಆಗುತ್ತದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಶುರುವಾದದ್ದು ಬಿಡದಿಯನ್ನೂ ದಾಟುತ್ತದೆ.

ಆದರೆ 2025ರ ಮೇ ಕೊನೆಯಲ್ಲಿ ಈ ಹಡಗು ಮೊದಲ ಯಾನ ಮುಗಿಸಿ ಬ್ರೆಜಿಲ್‌ನ ಇಟಜಾಯಿ ಬಂದರು ಮುಟ್ಟಿದಾಗ ಒಳಗಿದ್ದದ್ದು ಏಳು ಸಾವಿರ ಚಿಲ್ಲರೆ. ಈ ವ್ಯತ್ಯಾಸಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. ಕಾರು ಹಡಗುಗಳ ಸಾಮರ್ಥ್ಯವನ್ನು ಜಗತ್ತು ಇವತ್ತಿಗೂ ಅಳೆಯುವುದು 1966ರ ಟೊಯೋಟಾ ಕೊರೋನಾ ಕಾರಿನಿಂದ. ಉದ್ದ 4.125 ಮೀಟರ್, ಅಗಲ 1.55 ಮೀಟರ್. ಅದು ಈಗ ಯಾವ ಷೋರೂಮಿನಲ್ಲೂ ಇಲ್ಲ, ಅಳತೆಗೋಲಾಗಿ ಮಾತ್ರ ಉಳಿದಿದೆ. ನಮ್ಮ ರಸ್ತೆಗಳಲ್ಲಿ ಎಲ್ಲೆಂದರಲ್ಲಿ ಕಾಣುವ ಹ್ಯುಂಡೈ ಕ್ರೆಟಾದ ಅಗಲ 1.79 ಮೀಟರ್, ಉದ್ದ 4.33. ಒಂದು ಕ್ರೆಟಾ ನುಂಗುವ ನೆಲ ಒಂದೂಕಾಲು ಕೊರೋನಾಕ್ಕೆ ಹತ್ತಿರ. ಕಾರುಗಳು ಅರವತ್ತು ವರ್ಷದಿಂದ ಮೈ ಬೆಳೆಸಿಕೊಳ್ಳುತ್ತಲೇ ಬಂದಿವೆ, ಅಳತೆಗೋಲು ಮಾತ್ರ ಬೆಳೆದಿಲ್ಲ.

ಚೀನಾ 2024ರಲ್ಲಿ ಹೊರದೇಶಗಳಿಗೆ ಕಳಿಸಿದ್ದು, ಲಾರಿ ಬಸ್ಸುಗಳೂ ಸೇರಿ, ಹತ್ತಿರ ಹತ್ತಿರ 58.6 ಲಕ್ಷ ವಾಹನ. 2024-25ರಲ್ಲಿ ಭಾರತ ಕಳಿಸಿದ ಪ್ರಯಾಣಿಕ ವಾಹನಗಳು ಸುಮಾರು 7.7 ಲಕ್ಷ. ಕೊರೋನಾ ಲೆಕ್ಕದಲ್ಲೇ ತುಂಬಿದರೂ ನಮ್ಮದಕ್ಕೆ ಶೆನ್‌ಝೆನ್‌ನಂಥ 84 ಹಡಗು ಬೇಕು, ಅವರದಕ್ಕೆ 630ಕ್ಕೂ ಹೆಚ್ಚು.

ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ತುಂಬುವ ರೀತಿ. ಕಂಟೇನರ್ ಆದರೆ ಕ್ರೇನು ಎತ್ತಿಡುತ್ತದೆ. ಇಲ್ಲಿ ಕ್ರೇನಿಗೆ ಕೆಲಸವಿಲ್ಲ. ಪ್ರತಿಯೊಂದು ಕಾರನ್ನೂ ಒಬ್ಬ ಮನುಷ್ಯ ಓಡಿಸಿಕೊಂಡೇ ಒಳಗೆ ಹೋಗಬೇಕು. ಹಿಂಬದಿಯ ಇಳಿಜಾರು ಹಲಗೆ ಹತ್ತಿ, ಒಳಗಿನ ತಿರುವುಗಳಲ್ಲಿ ಮಹಡಿಯಿಂದ ಮಹಡಿಗೆ ಏರಿ, ಸೀಟಿ ಊದುತ್ತ ಕೈ ಬೀಸುವವನನ್ನೇ ನೋಡುತ್ತ ಸಾಲಿಗೆ ಸೇರಿಸಬೇಕು. ಕನ್ನಡಿಗಳು ಮಡಚಿರುತ್ತವೆ. ಪಕ್ಕದ ಕಾರಿಗೂ ಇದಕ್ಕೂ ನಡುವೆ ಸುಮಾರು 10 ಸೆಂ.ಮೀ., ಮುಷ್ಟಿ ತೂರುವಷ್ಟು ಸಂದು. ಮುಂದೆ ಹಿಂದೆ ಒಂದಡಿ. ಬಣ್ಣಕ್ಕೆ ಗೀರು ಬೀಳಬಾರದೆಂದು ಓಡಿಸುವವರ ಉಡುಪಿನಲ್ಲಿ ಜಿಪ್ಪು, ಗುಂಡಿ, ಬೆಲ್ಟಿನ ಬಕಲ್ ಹೊರಗೆ ಕಾಣುವುದಿಲ್ಲ. ಇಳಿದವರನ್ನು ಒಂದು ವ್ಯಾನು ತುಂಬಿಕೊಂಡು ಮತ್ತೆ ದಡಕ್ಕೆ ಬಿಡುತ್ತದೆ, ಮುಂದಿನ ಕಾರಿಗೆ. ನಿಮಿಷಕ್ಕೊಂದರಂತೆ ನಿಲ್ಲಿಸಿದರೂ 9,200 ಕಾರಿಗೆ 153 ಗಂಟೆ ಬೇಕು. ಹಾಗಾಗಿ ಹಲವು ತಂಡಗಳು ಬೇರೆ ಬೇರೆ ಮಹಡಿಗಳಲ್ಲಿ ಏಕಕಾಲಕ್ಕೆ ದುಡಿಯುತ್ತವೆ. ಇವರ ಹಿಂದೆಯೇ ಬೆಲ್ಟು ಬಿಗಿಯುವವರು. ಕಾರಿಗೆ ನಾಲ್ಕರಂತೆ 36,800 ಬೆಲ್ಟು, ಒಂದೊಂದನ್ನೂ ಬಗ್ಗಿ ನೆಲದ ಕಂಡಿಗೆ ಕೊಕ್ಕೆ ಹಾಕಿ ಕೈಯಲ್ಲೇ ಬಿಗಿಯಬೇಕು.

ಇಷ್ಟೆತ್ತರದ ಪೆಟ್ಟಿಗೆ ನೀರಿನ ಮೇಲೆ ನೆಟ್ಟಗೆ ನಿಲ್ಲುವುದು ತಳದ ತೊಟ್ಟಿಗಳಲ್ಲಿ ತುಂಬಿದ ನೀರಿನ ಭಾರದಿಂದ. ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗೋಲ್ಡನ್ ರೇ ಸಾಕ್ಷಿ. 2019ರ ಸೆಪ್ಟೆಂಬರ್ 8ರ ನಸುಕಿನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಬಂದರಿನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ವಾಹನ ಹೊತ್ತು ಹೊರಟ ಹಡಗು ತಿರುವೊಂದರಲ್ಲಿ ಮಗುಚಿತು. 60 ಡಿಗ್ರಿ ವಾಲಲು ಒಂದು ನಿಮಿಷವೂ ಹಿಡಿಯಲಿಲ್ಲ. ಸ್ಥಿರತೆ ಲೆಕ್ಕ ಹಾಕುವ ಕಂಪ್ಯೂಟರಿಗೆ ತೊಟ್ಟಿಗಳ ನೀರಿನ ಪ್ರಮಾಣವನ್ನು ತಪ್ಪಾಗಿ ತುಂಬಿದ್ದರು ಎಂದು ತನಿಖೆ ಹೇಳಿತು. ಎಂಜಿನ್ ಕೋಣೆಯಲ್ಲಿ ಸಿಕ್ಕಿಬಿದ್ದ ನಾಲ್ವರನ್ನು ಹಡಗಿನ ಉಕ್ಕಿನ ಮೈ ಕೊರೆದು ಮರುದಿನ ಹೊರತೆಗೆದರು. ಹಡಗಿನಲ್ಲಿದ್ದ 24 ಜನರೂ ಬದುಕಿದರು. ಹಡಗನ್ನು ಮಾತ್ರ ಲಂಗರಿನ ಸರಪಳಿಯಿಂದ ಗರಗಸದಂತೆ ಕೊಯ್ದು ಎಂಟು ತುಂಡು ಮಾಡಿ ಸಾಗಿಸಬೇಕಾಯಿತು. ಕೊನೆಯ ತುಂಡು ಹೋದದ್ದು 2021ರ ಅಕ್ಟೋಬರ್‌ನಲ್ಲಿ.

ಕೂಗರ್ ಏಸ್ ಎಂಬ ಇನ್ನೊಂದು ಕಾರು ಹಡಗಿನ ಕಥೆಯೇ ಬೇರೆ. 2006ರ ಜುಲೈಯಲ್ಲಿ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ದಕ್ಷಿಣಕ್ಕೆ, ತೊಟ್ಟಿಗಳ ನೀರು ಬದಲಿಸುವಾಗ ಅದೂ 60 ಡಿಗ್ರಿ ವಾಲಿತು, ಆದರೆ ಮುಳುಗಲಿಲ್ಲ. ಒಳಗೆ 4,703 ಮಜ್ದಾ ಕಾರುಗಳು. ಗೋಡೆಯಂತೆ ಎದ್ದು ನಿಂತ ನೆಲಕ್ಕೆ ವಾರಗಟ್ಟಲೆ ಜೋತುಬಿದ್ದರೂ ಬಹುತೇಕ ಕಾರುಗಳು ಕದಲಿರಲಿಲ್ಲ, ಬೆಲ್ಟು ಹಿಡಿದುಕೊಂಡಿತ್ತು. ಎಷ್ಟೋ ಕಾರುಗಳಲ್ಲಿ ಹೊಸದರ ಹೊಳಪು ಹಾಗೇ ಇತ್ತಂತೆ. ಆದರೂ ಮಜ್ದಾ ಒಂದನ್ನೂ ಮಾರಲು ಒಪ್ಪಲಿಲ್ಲ, ಎಲ್ಲವನ್ನೂ ಗುಜರಿಗೆ ಹಾಕಿಸಿತು. ಯಂತ್ರಕ್ಕೆ ಕೊಟ್ಟು ಅಪ್ಪಚ್ಚಿ ಮಾಡುವ ಮುನ್ನ ಏರ್‌ಬ್ಯಾಗುಗಳನ್ನು ಸಿಡಿಸಬೇಕಿತ್ತು. ಕಾರಿಗೆ ಎರಡೇ ಎಂದು ಹಿಡಿದರೂ 9,406 ಸ್ಫೋಟ.