ಹಿಡಿಯುವ ಕೈಗೆ ಬಿಡಿಸುವ ಬಲವೂ ಬೇಕು

ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿರಿ. ಈಗ ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ, ಅದೇ ಬಿಗಿಯನ್ನು ಉಳಿಸಿಕೊಳ್ಳಲು ಯತ್ನಿಸಿ. ಆಗುವುದಿಲ್ಲ. ಮನೆಯ ಮಕ್ಕಳೂ ಅದನ್ನು ಸಲೀಸಾಗಿ ಎಳೆದುಕೊಂಡಾರು! ಏಕೆ ಹೀಗೆ?

ಬೆರಳುಗಳನ್ನು ಮಡಚುವ ದೊಡ್ಡ ಸ್ನಾಯುಗಳಿರುವುದು ಅಂಗೈಯಲ್ಲಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಒಳಭಾಗದಲ್ಲಿ. ಬಿಡಿಸುವ ಸ್ನಾಯುಗಳು ಹೊರಭಾಗದಲ್ಲಿವೆ. ಮಡಚುವ ಗುಂಪಿನ ಬಲ ಬಿಡಿಸುವ ಗುಂಪಿಗಿಂತ ಹಲವು ಪಟ್ಟು ಹೆಚ್ಚು. ಇದು ದೋಷವೇನಲ್ಲ, ಕೈ ಇರುವುದೇ ಹಿಡಿಯಲು. ಆದರೆ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಒಳಕ್ಕೆ ಬಾಗದಂತೆ ಹಿಂದಿನಿಂದ ಜಗ್ಗಿ ನಿಲ್ಲಿಸುವುದು ಹೊರಭಾಗದ ಸ್ನಾಯುಗಳೇ. ಮಣಿಕಟ್ಟು 20ರಿಂದ 35 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದ್ದಾಗ ಹಿಡಿತ ಅತ್ಯಂತ ಗಟ್ಟಿ. ಹೀಗಾಗಿ ಪ್ರತಿಯೊಂದು ಹಿಡಿತದಲ್ಲೂ ದುರ್ಬಲ ಗುಂಪು ದುಡಿಯಲೇಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರಿಗೆ ಇದರ ಅನುಭವ ಹಿಂಗಾರಿ ಜೋಳದ ಸುಗ್ಗಿಯಲ್ಲಿ ಆಗಿರುತ್ತದೆ. ಜೋಳ ಕೀಳುವವರ, ಕುಡಗೋಲು ಹಿಡಿದವರ ಕೈ ದಿನವಿಡೀ ಮುಷ್ಟಿಯಾಗಿಯೇ ಇರುತ್ತದೆ. ಹೆಣ್ಣುಮಕ್ಕಳಿಗೆ ಮನೆಗೆ ಬಂದ ಮೇಲೂ ಎಮ್ಮೆ ಹಿಂಡುವುದು, ಬಟ್ಟೆ ಹಿಂಡುವುದು, ಕೊಡ ಎತ್ತುವುದು ತಪ್ಪದು. ಕೆಲವು ವಾರಗಳಲ್ಲಿ ಮೊಣಕೈಯ ಹೊರಬದಿಯ ಎಲುಬಿನ ಬಳಿ ನೋವು ಶುರುವಾಗುತ್ತದೆ; ಚಹಾದ ಕಪ್ಪು ಎತ್ತುವುದೂ ಕಷ್ಟ. ವೈದ್ಯರು ಇದನ್ನು 'ಟೆನಿಸ್ ಎಲ್ಬೋ' ಎನ್ನುತ್ತಾರೆ. ಟೆನಿಸ್ ಆಡದವರಲ್ಲೇ ಇದು ಹೆಚ್ಚು ಎಂಬುದು ಬೇರೆ ಮಾತು.

ಕೈಯಲ್ಲಿ ಕಸುವಿಲ್ಲವೆಂದು ಹಲವರು ರಬ್ಬರ್ ಚೆಂಡು ಹಿಸುಕತೊಡಗುತ್ತಾರೆ. ಹಿಸುಕಿದಷ್ಟೂ ನೊಂದ ಸ್ನಾಯುವಿನ ಮೇಲೆಯೇ ಭಾರ. ಬದಲಿಗೆ ಅಂಗೈ ಕೆಳಮುಖವಾಗಿ ಮುಂಗೈಯನ್ನು ಮೇಜಿನ ಮೇಲಿಡಿ. ಹಸ್ತ ಅಂಚಿನಿಂದಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಹಸ್ತವನ್ನು ಮೇಲೆತ್ತಿ. ನಂತರ ನೋವಿರುವ ಕೈಯೊಂದರಿಂದಲೇ ನಿಧಾನವಾಗಿ ಇಳಿಸಿ. ಹತ್ತು ಹದಿನೈದು ಬಾರಿ ಸಾಕು. ತುಸು ನೋವಾದರೆ ಅಂಜಬೇಡಿ, ಹೆಚ್ಚಿದರೆ ಬಾಟಲಿಯ ನೀರು ಕಡಿಮೆ ಮಾಡಿ. ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದೂ ಒಳ್ಳೆಯದು. ಗುಣವಾಗಲು ತಿಂಗಳುಗಳೇ ಬೇಕು. ಬೇಗ ಗುಣವಾಗಲೆಂದು ಮೊಣಕೈಗೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವವರಿದ್ದಾರೆ. ಆಗ ಹಾಯೆನಿಸಿದರೂ ನೋವು ಮರಳುವುದು ಹೆಚ್ಚು.

ಆದರೆ ನೋವಿಲ್ಲದೆಯೇ ಕೈ ಸೋಲತೊಡಗಿದರೆ ಅದು ಬೇರೆಯ ಸಂಗತಿ. ಕಿರುಬೆರಳು, ಉಂಗುರ ಬೆರಳು ಕೊಕ್ಕೆಯಂತೆ ಬಾಗುತ್ತಿವೆಯೇ? ಬಿಸಿ ಹಂಚು ತಗುಲಿದ್ದು ಅಲ್ಲಿ ತಿಳಿಯುತ್ತಿಲ್ಲವೇ? ಮೊಣಕೈಯ ಒಳಬದಿಯಲ್ಲಿ ಹಾಯುವ ನರ ಕೆಟ್ಟಾಗ ಅಂಗೈಯ ಸಣ್ಣ ಸ್ನಾಯುಗಳು ಸೋತು, ಉಳಿದ ಬಲವಾದ ಸ್ನಾಯುಗಳು ಬೆರಳನ್ನು ಹೀಗೆ ಜಗ್ಗುತ್ತವೆ. ಕುಷ್ಠರೋಗವೂ ಇದಕ್ಕೊಂದು ಕಾರಣ. ಹೆಸರು ಕೇಳಿ ಮುಚ್ಚಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ. ನರದ ಸೋಲು ಆರಂಭವಾಗಿ ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಬೆರಳಿನ ಬಲ ಮರಳುವ ಸಾಧ್ಯತೆ ಹೆಚ್ಚು.