ಬಚ್ಚಲಿನ ನೀರು ನಿಂತಾಗ

ಬಚ್ಚಲಿನಲ್ಲಿ ನೀರು ನಿಂತಾಗ,
ದೋಷವಿರುವುದು ಅಲ್ಲಿಯೋ,
ಮನೆಯ ಮುಖ್ಯ ಕೊಳವೆಯಲ್ಲಿಯೋ
ಎಂಬುದನ್ನು ಅರಿಯುವುದು ಹೇಗೆ?

ಒಂದೇ ಬಚ್ಚಲು ನಿಧಾನವಾದರೆ,
ಜಾಲರಿಯ ಕೆಳಗೆ ಸಾಬೂನಿನ ಜಿಡ್ಡಿನೊಡನೆ
ಹೆಣೆದುಕೊಂಡ ಕೂದಲಿನ ಉಂಡೆಯೇ ಪ್ರಾಯಶಃ ಕಾರಣ;
ಕೈಗವಸು ತೊಟ್ಟು ತೆಗೆದರಾಯಿತು.

ಆದರೆ, ವಾಷಿಂಗ್ ಮೆಷಿನ್ನಿನ ನೀರು ಹೊರಬಿದ್ದೊಡನೆ
ನೆಲಮಹಡಿಯ ಶೌಚಾಲಯದಲ್ಲಿ ಗುಳುಗುಳು ಸದ್ದೆದ್ದು,
ಎಲ್ಲಕ್ಕಿಂತ ತಗ್ಗಿನ ಬಚ್ಚಲಿನಲ್ಲಿ ಕೊಳಚೆ ಮೇಲೇರಿತೆಂದರೆ,
ಹೊಳೆಗೆ ಒಡ್ಡು ಬಿದ್ದಾಗ
ಅದನ್ನು ಸೇರುವ ಹಳ್ಳಗಳೆಲ್ಲವೂ ಹಿಂದಕ್ಕೆ ಉಕ್ಕುವಂತೆ,
ಮುಖ್ಯ ಕೊಳವೆಯೇ ಅವರುದ್ಧವಾಗಿದೆಯೆಂದು ತಿಳಿಯತಕ್ಕದ್ದು.

ಕೂಡಲೇ ನಲ್ಲಿಗಳನ್ನೆಲ್ಲ ನಿಲ್ಲಿಸಿ,
ಅಂಗಳದ ಚೇಂಬರಿನ ಮುಚ್ಚಳ ತೆರೆದು,
ತುಸು ದೂರದಿಂದಲೇ ನೋಡಿರಿ.
ಅದು ಬರಿದಾಗಿದ್ದರೆ ತಡೆಯಿರುವುದು ಮನೆಯ ಕಡೆಗೆ;
ಪ್ಲಂಬರನ್ನು ಕರೆಯಿರಿ.
ತುಂಬಿದ್ದರೆ, ಬೀದಿಯ ಕಡೆಗೆ;
ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಕರೆಮಾಡಬಹುದು.

ಮಳೆಗಾಲದಲ್ಲಿಯೇ ಈ ಪೀಡೆ ಮರುಕಳಿಸುವುದಾದರೆ,
ತಾರಸಿಯ ನೀರನ್ನು ಒಳಚರಂಡಿಗೆ ಜೋಡಿಸಿರುವರೋ ಎಂದು ಪರೀಕ್ಷಿಸಿರಿ;
ಆ ಪ್ರವಾಹಕ್ಕೆಂದು ಈ ಕೊಳವೆ ನಿರ್ಮಿತವಾದುದಲ್ಲ.

ಇನ್ನು, ಎಷ್ಟೇ ಅವಸರವಿದ್ದರೂ
ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿರಿ.
ಅಲ್ಲಿ ಸಂಚಯಿಸುವ ಹೈಡ್ರೋಜನ್ ಸಲ್ಫೈಡ್ ಅನಿಲವು
ಕ್ಷಣಮಾತ್ರದಲ್ಲಿ ಪ್ರಜ್ಞೆಯನ್ನೂ ಪ್ರಾಣವನ್ನೂ ಅಪಹರಿಸಬಲ್ಲುದು;
ರಕ್ಷಣಾಸಾಧನಗಳಿಲ್ಲದೆ ಇಳಿಸುವುದು
ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ.
ತಡೆ ತೆಗೆಯುವ ಕೆಲಸಕ್ಕೆ ಜೆಟ್ಟಿಂಗ್ ಯಂತ್ರಗಳಿವೆ;
ಅವು ಬರುವ ತನಕ ಕಾಯಿರಿ.